ಮಾಯೆಸ್ತ್ರಾಗೆ ಇಂಗ್ಲಿಷ್ ಬರಲ್ಲ

ಒಂಬತ್ತು ವರ್ಷ ಕಾಪಾಡಿಕೊಂಡು ಬಂದದ್ದನ್ನು ಅಮಾಲಿಯಾ ಕಿರೋಗಾ ಒಂದು ಶುಕ್ರವಾರ ಸಂಜೆ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ಒಂದೇ ಉಸಿರಿಗೆ ಹಾಳುಮಾಡಿಕೊಂಡಳು. ತಂಗಿಯ ಮಗ ಚೆಂಡು ಅವುಚಿಕೊಂಡು ಗೆರೆ ದಾಟಿದ್ದನ್ನು ಊರಿಗೆ ಊರೇ ನೋಡಿತ್ತು. ರೆಫರಿ ಮಾತ್ರ ಇಲ್ಲ ಎಂದು ಕೈಯಾಡಿಸಿದ. ಅಮಾಲಿಯಾ ಬೆಂಚು ಹತ್ತಿ ನಿಂತಳು. ಕಣ್ಣಿಗೆ ಬೆಣ್ಣೆ ಮೆತ್ತಿಕೊಂಡಿದ್ದೀಯಾ, ನಿನ್ನ ಕೈಗೆ ಸೀಟಿ ಕೊಟ್ಟವನು ಯಾವನು, ಮನೆಗೆ ಹೋಗಿ ಕೋಳಿ ಕಾಯಬಾರದೇ ಎಂದು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಗಂಟಲು ಹರಿಯುವಂತೆ ಕೂಗಿದಳು. ಕೂಗಿ ಕಣ್ಣು ಇಳಿಸಿದರೆ ಎರಡು ಸಾಲು ಕೆಳಗೆ ಟೆಸ್ಸಾ ವಿಟ್‌ಕಾಂಬ್, ಅಪ್ಪ ಇನ್ನೂ ದೂರದ ತಿಂಡಿ ಅಂಗಡಿಯ ಸಾಲಿನಲ್ಲಿದ್ದುದರಿಂದ ಒಬ್ಬಳೇ. ಕೈಯಲ್ಲಿ ಅರ್ಧ ತಿಂದ ಹಾಟ್‌ಡಾಗ್. ತೆರೆದ ಬಾಯಿ.

ಟೆಸ್ಸಾ ಅವಳ ಒಂದನೇ ಕ್ಲಾಸಿನ ಹುಡುಗಿ. ಆ ಸ್ಪ್ಯಾನಿಷ್ ಶಾಲೆಯ ಸಣ್ಣ ಮಕ್ಕಳ ಪಾಲಿಗೆ ಮಾಯೆಸ್ತ್ರಾ ಎಂದರೆ, ಅವರು ಟೀಚರನ್ನು ಕರೆಯುವುದೇ ಹಾಗೆ, ಇಂಗ್ಲಿಷ್ ಬಾರದ ಹೆಂಗಸು. ಅರ್ಧ ಮಕ್ಕಳು ಸೇಬಿನ ಪ್ಯಾಕಿಂಗ್ ಶೆಡ್ಡುಗಳಲ್ಲಿ ದುಡಿಯುವವರ ಮನೆಯವರು, ಸ್ಪ್ಯಾನಿಷ್ ಕುಡಿದು ಬೆಳೆದವರು. ಉಳಿದರ್ಧ ಟೆಸ್ಸಾಳಂಥವರು, ಮನೆಯಲ್ಲಿ ಬರೀ ಇಂಗ್ಲಿಷ್. ಹೊಸ್ತಿಲು ದಾಟಿ ಒಳಗೆ ಬಂದರೆ ಲೆಕ್ಕ, ಕಥೆ, ಜಗಳ, ಉಚ್ಚೆಗೆ ಹೋಗಲು ಅಪ್ಪಣೆ, ಎಲ್ಲವೂ ಸ್ಪ್ಯಾನಿಷಿನಲ್ಲೇ. ಬೇರೆ ದಾರಿಯಿಲ್ಲ ಎಂದು ಗೊತ್ತಿದ್ದಾಗ ಮಾತ್ರ ಮಗು ಆ ದಾರಿ ಹಿಡಿಯುತ್ತದೆ. ಮಾಯೆಸ್ತ್ರಾಗೆ ಇಂಗ್ಲಿಷ್ ಬರುತ್ತದೆಂದು ತಿಳಿದ ದಿನ ಎಲ್ಲರೂ ಅದಕ್ಕೇ ಜಾರುತ್ತಾರೆ. ಶೆಡ್ಡಿನ ಮಕ್ಕಳು ಇನ್ನೂ ಬೇಗ ಜಾರುತ್ತಾರೆ; ಮನೆಯ ಮಾತನ್ನು ಮೇಲಂಗಿಯೊಳಗೆ ಬಚ್ಚಿಡುವುದನ್ನು ಅವರಿಗೆ ಊರು ಮೊದಲೇ ಕಲಿಸಿರುತ್ತದೆ.

ಅದಕ್ಕೇ ಅಮಾಲಿಯಾ ಎಲ್ಲೆಲ್ಲೂ ಈ ವೇಷ ಹಾಕಿಕೊಂಡೇ ಇದ್ದಳು. ಒಮ್ಮೆ ಔಷಧಿ ಅಂಗಡಿಯಲ್ಲಿ ತನ್ನ ಕ್ಲಾಸಿನ ಹುಡುಗನೊಬ್ಬ ಕಂಡನೆಂದು ಕೆಮ್ಮಿ ತೋರಿಸಿ, ಎದೆ ಮುಟ್ಟಿ ತೋರಿಸಿ ಔಷಧಿ ಕೇಳಿದ್ದಳು. ಅಂಗಡಿಯವಳು ಕಿವುಡಿಯೊಡನೆ ಮಾತಾಡುವಂತೆ ಜೋರಾಗಿ, ಬಿಡಿಸಿ ಬಿಡಿಸಿ ಮಾತಾಡಿದ್ದಳು. ಸಿಯಾಟಲ್‌ನಲ್ಲಿ ಎಂ.ಎ. ಮಾಡಿದ್ದ ಅಮಾಲಿಯಾ ತಲೆಯಾಡಿಸಿ ಬಂದಿದ್ದಳು.

ಈಗ ಈ ಹುಡುಗಿ. ಸೋಮವಾರ ಟೆಸ್ಸಾ ಬಂದಳು, ಕೋಟು ಕಳಚಿ ಗೂಟಕ್ಕೆ ಹಾಕಿದಳು, ಎಂದಿನಂತೆ ಸ್ಪ್ಯಾನಿಷಿನಲ್ಲಿ ವಂದಿಸಿ ಜಮಖಾನದ ಮೇಲೆ ಕೂತಳು. ಯಾರಿಗೂ ಏನೂ ಹೇಳಿದಂತಿರಲಿಲ್ಲ. ಆದರೆ ದಿನವಿಡೀ ಅಮಾಲಿಯಾಳ ಬಾಯಿಯನ್ನೇ ನೋಡುತ್ತಿದ್ದಳು, ಅಲ್ಲಿಂದ ಮೊಲವೋ ಪಾರಿವಾಳವೋ ಹೊರಬರುತ್ತದೆ ಎಂಬಂತೆ.

ಅದೇ ದಿನ ಮಧ್ಯಾಹ್ನ ಪ್ರಿನ್ಸಿಪಾಲರಾದ ಮಿಸೆಸ್ ಹೇಲಿ ಕರೆಸಿದರು. ಕೆಲವು ತಂದೆತಾಯಿಯರ ದೂರು ಹೆಚ್ಚಾಗಿದೆ, ಮಕ್ಕಳಿಗೆ ಇಂಗ್ಲಿಷ್ ಓದಲು ಬರುತ್ತಿಲ್ಲ, ಮುಂದಿನ ತಿಂಗಳಿಂದ ಒಂದನೇ ಕ್ಲಾಸಿಗೆ ದಿನಾ ಒಂದು ತಾಸು ಇಂಗ್ಲಿಷ್ ಓದು ಎಂದರು. ಅಮಾಲಿಯಾ ಆಗಲಿ ಎಂದಳು. ಯಾರು ಬೇಕಾದರೂ ಕಲಿಸಲಿ, ಬೇರೆ ಕೋಣೆಯಲ್ಲಿ, ಬೇರೆ ಬಾಯಿಂದ.

"ಬೇರೆಯವರು ಯಾರೂ ಇಲ್ಲ, ಅಮಾಲಿಯಾ. ನೀವೇ ಮಾಡ್ಬೇಕು."

"ನಾನು ಮಾಡಲ್ಲ."

ಹಾಗಾದರೆ ಮುಂದಿನ ವರ್ಷ ಈ ಕ್ಲಾಸು ನಿಮ್ಮ ಕೈಯಲ್ಲಿ ಇರುತ್ತದೆಂದು ಹೇಳಲಾರೆ ಎಂದರು ಮಿಸೆಸ್ ಹೇಲಿ. ಗುರುವಾರ ತಂದೆತಾಯಿಯರ ಸಭೆಯಿದೆ, ಅಲ್ಲೇ ಒಪ್ಪಿಕೊಂಡುಬಿಡಿ ಎಂದೂ ಸೇರಿಸಿದರು.

ಗುರುವಾರ ಸಂಜೆ ಲೈಬ್ರರಿಯಲ್ಲಿ ಪಿಜ್ಜಾ ವಾಸನೆ. ಮಕ್ಕಳನ್ನು ಬಿಟ್ಟುಬರಲು ಯಾರಿಗೂ ಜಾಗವಿಲ್ಲದೆ ಅವರೂ ಬಂದು ಮುಂದಿನ ಜಮಖಾನದ ಮೇಲೆ ಬಣ್ಣ ಹಚ್ಚುತ್ತಿದ್ದರು. ಇಂಥ ಸಭೆ ನಡೆಯುವ ರೀತಿ ಎಲ್ಲರಿಗೂ ಗೊತ್ತಿದ್ದದ್ದೇ. ಬಾಗಿಲಲ್ಲಿ ಒಂದು ಪೆಟ್ಟಿಗೆ ತುಂಬ ಹೆಡ್‌ಫೋನು. ಶೆಡ್ಡಿನವರು ಒಂದೊಂದು ತೆಗೆದುಕೊಂಡು ಹಿಂದಿನ ಸಾಲಿಗೆ ಹೋಗಿ ಕೂರುವರು. ಮಾತೆಲ್ಲ ಇಂಗ್ಲಿಷಿನಲ್ಲಿ. ಆಫೀಸಿನ ಗ್ರಿಸೆಲ್ಡಾ ಮೂಲೆಯಲ್ಲಿ ನಿಂತು ಮೈಕಿಗೆ ಪಿಸುಗುಟ್ಟಿ ಅದನ್ನು ಸ್ಪ್ಯಾನಿಷಿಗೆ ತಿರುಗಿಸುವಳು. ನಗೆಮಾತು ಬಂದರೆ ಮುಂದಿನವರು ನಕ್ಕು ಮುಗಿಸಿದ ಮೇಲೆ ಹಿಂದಿನವರು ನಗುವರು.

ಅಂದು ಅಮಾಲಿಯಾ ಆ ಪೆಟ್ಟಿಗೆ ಎತ್ತಿಕೊಂಡು ಮುಂದಿನ ಸಾಲಿಗೆ ಬಂದು ಹೆಡ್‌ಫೋನುಗಳನ್ನು ಅಲ್ಲಿಯವರ ಮಡಿಲಿಗೆ ಹಂಚತೊಡಗಿದಳು. ಲಾರಿ ಓಡಿಸುವ ಡೇಲ್ ವಿಟ್‌ಕಾಂಬ್, ಟೆಸ್ಸಾಳ ಅಪ್ಪ, ತನ್ನದನ್ನು ತಿರುಗಿಸಿ ತಿರುಗಿಸಿ ನೋಡಿದ. ಯಾವ ಕಡೆ ಕಿವಿಗೆ ಹೋಗುತ್ತದೆಂದು ಹಿಂದಿನ ಸಾಲಿನ ದೋನ್ಯಾ ಚೆಲೊ ಅವನಿಗೆ ಸನ್ನೆಯಲ್ಲಿ ತೋರಿಸಿಕೊಟ್ಟಳು. ಅವಳ ಮೊಮ್ಮಗನೂ ಅದೇ ಕ್ಲಾಸಿನವನು.

ಮಿಸೆಸ್ ಹೇಲಿ ಬಳಿಬಂದು, ದಯವಿಟ್ಟು ಇವತ್ತೊಂದು ದಿನ ಇಂಗ್ಲಿಷಿನಲ್ಲಿ ಮಾತಾಡಿ ಎಂದು ತಗ್ಗಿದ ದನಿಯಲ್ಲಿ ಕೇಳಿಕೊಂಡರು. ಅಮಾಲಿಯಾ ಜಮಖಾನದ ಕಡೆ ನೋಡಿದಳು. ಬಣ್ಣದ ಕಡ್ಡಿಗಳು ನಿಂತುಹೋಗಿದ್ದವು. ಅವಳು ಸ್ಪ್ಯಾನಿಷಿನಲ್ಲೇ ಶುರುಮಾಡಿದಳು. ನಿಮ್ಮ ಮಕ್ಕಳು ಬಂದಾಗ ಅವರಿಗೆ ಸ್ಪ್ಯಾನಿಷಿನಲ್ಲಿ ನೀರು ಕೇಳಲೂ ಬರುತ್ತಿರಲಿಲ್ಲ, ಈಗ ನನ್ನ ಹತ್ತಿರ ಸುಳ್ಳು ಹೇಳುವಷ್ಟು ಚೆನ್ನಾಗಿ ಕಲಿತಿದ್ದಾರೆ ಎಂದಳು. ಹಿಂದಿನ ಸಾಲು ಗೊಳ್ಳೆಂದು ನಕ್ಕಿತು. ಮುಂದಿನ ಸಾಲು ಹೆಡ್‌ಫೋನು ಒತ್ತಿಕೊಂಡು ಗ್ರಿಸೆಲ್ಡಾಳ ಇಂಗ್ಲಿಷಿಗೆ ಕಾಯಿತು, ಆಮೇಲೆ ನಕ್ಕಿತು. ದೋನ್ಯಾ ಚೆಲೊ ಕೈ ಎತ್ತಿ, "ನೀನು ಹೇಳು ಮಗಳೇ, ಅವರಿಗೋಸ್ಕರ ನಿಲ್ಲಿಸ್ಬೇಡ. ನಮಗೋಸ್ಕರ ಯಾವತ್ತು ಯಾರು ನಿಲ್ಲಿಸಿದ್ರು?" ಎಂದಳು.

ಡೇಲ್ ಹೆಡ್‌ಫೋನು ಕಿತ್ತು ಕೊರಳಿಗೆ ಇಳಿಸಿ ಎದ್ದು ನಿಂತ. ಕೆಟ್ಟವನಲ್ಲ, ಹೆದರಿದವನು. ನನ್ನ ಮಗಳಿಗೆ ತಿಂಡಿ ಡಬ್ಬದ ಮೇಲಿನ ಹೆಸರು ಓದಲು ಬರುವುದಿಲ್ಲ, ಒಂದು ತಾಸು ಇಂಗ್ಲಿಷ್ ಓದಿಸಿ ಎಂದರೆ ಈ ಮೇಡಂ ಯಾಕೆ ಆಗಲ್ಲ ಅನ್ನುತ್ತಾರೆ ಎಂದು ಕೇಳಿದ. ಇವರಿಗೆ ಇಂಗ್ಲಿಷ್ ಬರುತ್ತದೋ ಇಲ್ಲವೋ ಅದನ್ನಾದರೂ ಹೇಳಲಿ. ಅವನು ಜಮಖಾನದ ಕಡೆ ತಿರುಗಿದ.

"ಟೆಸ್ಸಾ, ನೀನು ದಿನಾ ಇವರ ಜೊತೇಲೇ ಇರ್ತೀಯಲ್ಲಮ್ಮ. ನಿಮ್ಮ ಟೀಚರ್‌ಗೆ ಇಂಗ್ಲಿಷ್ ಬರುತ್ತಾ?"

ಟೆಸ್ಸಾ ಎದ್ದು ನಿಂತಳು. ಅಪ್ಪನನ್ನು ನೋಡಲಿಲ್ಲ, ಅಮಾಲಿಯಾಳ ಬಾಯಿಯನ್ನೇ ನೋಡಿದಳು.

"ಇಲ್ಲಪ್ಪ," ಎಂದಳು. "ಒಂದಕ್ಷರಾನೂ ಬರಲ್ಲ."

"ನೋಡಿ," ಎಂದ ಡೇಲ್ ಮಿಸೆಸ್ ಹೇಲಿಯವರಿಗೆ. "ಒಂದಕ್ಷರ ಬರದೇ ಇರೋರು ನನ್ನ ಮಗಳಿಗೆ ಏನು ಓದಿಸ್ತಾರೆ? ಬೇರೆ ಯಾರನ್ನಾದ್ರೂ ಹಾಕಿ."

ಮುಂದಿನ ಸಾಲಿನವರೆಲ್ಲ ಹೌದೆಂದರು. ಹೆಡ್‌ಫೋನಿಲ್ಲದ ಹಿಂದಿನ ಸಾಲಿಗೆ ಈ ಮಾತು ಯಾರೂ ತಿರುಗಿಸಿ ಹೇಳಲಿಲ್ಲ, ಆದರೂ ದೋನ್ಯಾ ಚೆಲೊ ಜೋರಾಗಿ ಹೌದೆಂದಳು. ಅಮಾಲಿಯಾಳನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಒಂದು ತಾಸು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದ್ದವರು ಮಿಸೆಸ್ ಹೇಲಿಯೇ. ಅವರು ಬಾಯಿ ತೆರೆದರು. ಜಮಖಾನದಿಂದ ಅಷ್ಟೂ ಕಣ್ಣುಗಳು ಅವರ ಕಡೆ ಹೊರಳಿದವು. ಅವರೂ ಒಂದು ಕಾಲದಲ್ಲಿ ಒಂದನೇ ಕ್ಲಾಸಿಗೆ ಪಾಠ ಹೇಳಿದವರೇ. ಬಾಯಿ ಮುಚ್ಚಿದರು. ಕನ್ನಡಕ ಒರೆಸಿಕೊಂಡು, ಆ ತಾಸನ್ನು ನಾನೇ ತೆಗೆದುಕೊಳ್ಳುತ್ತೇನೆ, ಇಲ್ಲೇ, ಈ ಲೈಬ್ರರಿಯಲ್ಲಿ ಎಂದರು.

ಹೊರಡುವಾಗ ಡೇಲ್ ಅಮಾಲಿಯಾಳ ಎದುರು ನಿಂತು, ಔಷಧಿ ಅಂಗಡಿಯವಳಂತೆಯೇ ಬಿಡಿಸಿ ಬಿಡಿಸಿ, "ನೀವೂ ಸ್ವಲ್ಪ ಕಲೀಬೇಕು ಮೇಡಂ. ಇಷ್ಟು ವರ್ಷದಿಂದ ಇಲ್ಲೇ ಇದ್ದೀರಿ," ಎಂದ. ಎಂ.ಎ. ಓದಿದ ನಾಲಿಗೆ ಹಲ್ಲಿನ ಹಿಂದೆ ಕುದಿಯಿತು. ಅಮಾಲಿಯಾ ತಲೆಯಾಡಿಸಲಿಲ್ಲ, ಈ ಸಲ. ಅವನ ಕಣ್ಣನ್ನೇ ನೋಡುತ್ತ ಸ್ಪ್ಯಾನಿಷಿನಲ್ಲಿ, ನೀವೂ ಕಲೀಬೇಕು ಸ್ವಾಮಿ, ನಾವು ಬಂದೂ ಅಷ್ಟೇ ವರ್ಷ ಆಯ್ತು ಎಂದಳು. ಏನಂದರು ಎಂದು ಅವನು ಮಗಳನ್ನು ಕೇಳಿದ. ಟೆಸ್ಸಾ ಒಂದಕ್ಷರ ಬಿಡದೆ ಹೇಳಿದಳು.

ಮರುದಿನ ಸಂಜೆ ಮತ್ತೆ ಆಟ, ಮತ್ತೆ ಅದೇ ರೆಫರಿ. ಚೆಂಡು ಕೈಯಲ್ಲಿಲ್ಲದ ತಂಗಿಯ ಮಗನನ್ನು ಹಿಂದಿನಿಂದ ಕೆಡವಿದರೂ ಸೀಟಿ ಊದಲಿಲ್ಲ. ಕೆಳಗೆ ಡೇಲ್ ಮತ್ತು ಟೆಸ್ಸಾ ಕೂತಿದ್ದರು. ಅಮಾಲಿಯಾ ಅವರನ್ನು ನೋಡಿಯೇ ಬೆಂಚು ಹತ್ತಿದಳು. ಬೆಣ್ಣೆ, ಸೀಟಿ, ಕೋಳಿ, ಒಂದನ್ನೂ ಬಿಡಲಿಲ್ಲ. ಎಲ್ಲವನ್ನೂ ಸ್ಪ್ಯಾನಿಷಿನಲ್ಲಿ ಬಯ್ದಳು. ರೆಫರಿ ತಿರುಗಿ ನೋಡಿ ಭುಜ ಕುಣಿಸಿದ.

ಟೆಸ್ಸಾ ಹಾಟ್‌ಡಾಗನ್ನು ಅಪ್ಪನ ಕೈಗೆ ತುರುಕಿ ಬೆಂಚು ಹತ್ತಿದಳು. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಮೈದಾನಕ್ಕೆ ಅದನ್ನೆಲ್ಲ ಇಂಗ್ಲಿಷಿನಲ್ಲಿ ಕೂಗತೊಡಗಿದಳು.