ಅಶ್ವತ್ಥಮ್ಮನ ಶನಿವಾರಗಳು

ಬೆಟ್ಟದ ಕಡೆಗೆ ತೆರೆದ ಕಿಟಕಿಯ ಪಕ್ಕ ಕೂತು ಅನುಪಮಾ ಚುಕ್ಕಿಗಳನ್ನು ನೋಡುತ್ತಿದ್ದಳು. ಕಂಪ್ಯೂಟರಿನ ತೆರೆಯ ಮೇಲೆ ಇಡೀ ಸೀಮೆಯೇ ಹರಡಿಕೊಂಡಿತ್ತು. ಶಿರಾದಿಂದ, ಪಾವಗಡದಿಂದ ಹೊರಟ ಚುಕ್ಕಿಗಳು ಬಸ್ಸಿನೊಳಗೆ ಒತ್ತೊತ್ತಾಗಿ ಸೇರಿ, ಮಧುಗಿರಿಯಲ್ಲಿ ಇಳಿದು ಮಿಣುಕುಹುಳುಗಳಂತೆ ಚೆದುರುತ್ತಿದ್ದವು. ಬಸ್ಸಿನ ವೇಳೆ ತಿಳಿಸುವ ಆ್ಯಪ್ ಒಂದನ್ನು ಹಾಕಿಕೊಂಡವರ ಫೋನುಗಳು ಅವು. ಅವು ಸುತ್ತಿದ ದಾರಿಯೆಲ್ಲ ಕ್ಲೌಡಿನಲ್ಲಿ, ಎಂದರೆ ದೂರದ ಯಾವುದೋ ಊರಿನ ಕಂಪ್ಯೂಟರುಗಳಲ್ಲಿ, ಕೂಡಿಬಿದ್ದಿತ್ತು.

ಹೆಸರು, ನಂಬರು ಅಳಿಸಿದ್ದೇವೆ, ಇನ್ನು ಯಾರ ಗುರುತೂ ಸಿಗದು ಎಂದಿದ್ದರು ಕಂಪನಿಯವರು. ಅದು ನಿಜವೇ ಎಂದು ಪರೀಕ್ಷಿಸುವುದು ಅನುಪಮಾಳ ಕೆಲಸ. ಜನರ ಖಾಸಗಿ ಮಾಹಿತಿಯನ್ನು ಹೇಗೆ ಕಾಪಾಡಬೇಕೆಂದು ನಿಯಮ ಬರೆಯುವ ಸಮಿತಿಯೊಂದಕ್ಕೆ ಅವಳು ಮನೆಯಿಂದಲೇ ಸಂಶೋಧನೆ ಮಾಡುತ್ತಿದ್ದಳು.

ಒಂದು ಚುಕ್ಕಿ ಅನುಪಮಾಳ ಬೀದಿಯಿಂದಲೇ ಹೊರಟಿತು. ಸಂಜೆತನಕ ಕೋರ್ಟಿನಲ್ಲಿ ನಿಂತಿತು. ತರಕಾರಿ ಅಂಗಡಿ ಸುತ್ತಿಕೊಂಡು ಈ ಮನೆಯ ಬಾಗಿಲಿಗೇ ಬಂತು. ಕೋರ್ಟಿನಲ್ಲಿ ಟೈಪಿಸ್ಟ್ ಆಗಿರುವ ಅಮ್ಮ, ಅಶ್ವತ್ಥಮ್ಮ! ಅನುಪಮಾಳಿಗೆ ಮೊದಲು ನಗು ಬಂತು. ಆಮೇಲೆ ಶನಿವಾರಗಳು ಕಂಡವು.

ಸಂಘದ ಮೀಟಿಂಗ್ ಎಂದು ಹೇಳಿ ಹೋಗುತ್ತಿದ್ದ ಅಮ್ಮ ತೋವಿನಕೆರೆಯಲ್ಲಿ ಬಸ್ಸಿಳಿದು, ಹೊಲಗಳ ನಡುವೆ ಎಲ್ಲೋ ಹೋಗಿ, ಹೊತ್ತು ಇಳಿಯುವವರೆಗೂ ಅಲ್ಲೇ ಇರುತ್ತಿದ್ದಳು. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅಲ್ಲಿ ಯಾರಿದ್ದಾರೆ? ಇನ್ನೊಂದು ಗುಂಡಿ ಒತ್ತಿದ್ದರೆ ಆ ಜಾಗಕ್ಕೆ ಬರುವ ಬೇರೆ ಚುಕ್ಕಿಗಳೂ ಕಾಣುತ್ತಿದ್ದವು. ಬೆರಳು ಅಲ್ಲಿಯವರೆಗೂ ಹೋಯಿತು. ಯಾರದೋ ಮಲಗುವ ಕೋಣೆಯ ಬಾಗಿಲು ತಳ್ಳಲು ಹೋದಂತೆನಿಸಿ ಅವಳು ಕೈ ಹಿಂದಕ್ಕೆ ತೆಗೆದಳು.

ಅಮ್ಮ ಬಂದು ಸೊಪ್ಪು ಬಿಡಿಸಲು ಕೂತಾಗ ಅನುಪಮಾ ಹೇಳಿಯೇಬಿಟ್ಟಳು.

"ಅಮ್ಮ, ಕೆಲಸ ಮಾಡ್ತಾ ನಿನ್ ಶನಿವಾರಗಳನ್ನ ನೋಡ್ಬುಟ್ಟೆ."

ಅಶ್ವತ್ಥಮ್ಮನ ಕೈ ನಿಂತಿತು. "ಏನ್ ನೋಡ್ದೆ?"

"ಎಲ್ಲಿಗೋಗ್ತೀಯ ಅಂತ. ಯಾಕೆ ಅಂತ ಗೊತ್ತಿಲ್ಲ."

"ನಂಗೂ ಅಂತ ಒಂದ್ ಜಾಗ ಇರಬಾರ್ದೇನೆ?"

ಅಷ್ಟೇ ಅಂದು ಮೊರ ಎತ್ತಿಕೊಂಡು ಒಳಗೆ ಹೋದಳು. ಆ ವಾರವೆಲ್ಲ ಊಟಕ್ಕೆ ಕರೆಯುವ ಮಾತೊಂದು ಬಿಟ್ಟರೆ ಮನೆಯಲ್ಲಿ ಮಾತಿರಲಿಲ್ಲ.

ಸಮಿತಿಯ ಆನ್‌ಲೈನ್ ಸಭೆಯಲ್ಲಿ ಅನುಪಮಾ ವಿಷಯ ಮುಂದಿಟ್ಟಳು. ಅಧ್ಯಕ್ಷ ರೇಣುಕಪ್ರಸಾದ್ ಕುರ್ಚಿಯಲ್ಲಿ ಮುಂದಕ್ಕೆ ಸರಿದರು.

"ನಿಮ್ಮ ತಾಯಿಯವರನ್ನೇ ಗುರುತು ಹಿಡಿದಿರಾ? ಎಲ್ಲಿಗೆ ಹೋಗ್ತಿದ್ರು ಅಂತಲೂ ವರದಿಯಲ್ಲಿ ಬರೀರಿ. ಕಂಪನಿಯವರು ಮರುಮಾತಾಡೋ ಹಾಗಿಲ್ಲ."

"ಇಲ್ಲ ಸರ್. ಗುರುತು ಸಿಕ್ಕಿತು ಅನ್ನೋದಷ್ಟೇ ಬರೀತೀನಿ. ಎಲ್ಲಿಗೆ ಅನ್ನೋದು ಅಮ್ಮನಿಗೆ ಸೇರಿದ್ದು."

ಅವರು ಸರಿಯೆಂದು ತಲೆಯಾಡಿಸಿದರು. ಹೆಸರು ಅಳಿಸಿದರೆ ಸಾಲದು, ಮನೆಯ ಸುತ್ತಲಿನ ಓಡಾಟವನ್ನೂ ಮತ್ತೆ ಮತ್ತೆ ಹೋಗುವ ಜಾಗಗಳನ್ನೂ ಮಸುಕು ಮಾಡದೆ ಯಾರಿಗೂ ಕೊಡಬಾರದು ಎಂಬ ಮಾತು ಅಂದು ನಿಯಮಗಳ ಕರಡಿನಲ್ಲಿ ಸೇರಿತು. ಅನುಪಮಾ ತನ್ನ ಬಳಿಯಿದ್ದ ಆ ಚುಕ್ಕಿಗಳ ಮಾಹಿತಿಯ ಪ್ರತಿಯನ್ನು ಅಳಿಸಿದಳು. ತಿರುಗಿ ನೋಡಿದರೆ ಅಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಆ ಶನಿವಾರ ಅಶ್ವತ್ಥಮ್ಮ ಚಪ್ಪಲಿ ಮೆಟ್ಟುತ್ತ, "ಬಂದ್ರೆ ಬಾ. ಒಂದ್ ಜೊತೆ ಬಟ್ಟೆ ಇಟ್ಕೊ" ಅಂದಳು.

ತೋವಿನಕೆರೆಯ ಆಚೆ ಅಮ್ಮನ ಬಾಲ್ಯದ ಗೆಳತಿ ಧನಲಕ್ಷ್ಮಿಯ ಹೊಲ. ಹೊಲದ ನಡುವೆ ಕಲ್ಲುಮೆಟ್ಟಿಲಿನ ಬಾವಿ, ತುಂಬ ಹಸಿರು ನೀರು. ಹಳೆಯ ಚೂಡಿದಾರ ತೊಟ್ಟ ಅಮ್ಮ ಮೆಟ್ಟಿಲಿಳಿದು ನೀರಿನ ಮೇಲೆ ಅಂಗಾತ ಮಲಗಿದಳು. ಕೂದಲು ಸುತ್ತಲೂ ಹರಡಿಕೊಂಡಿತು.

"ನಾವು ಚಿಕ್ಕೋರಿದ್ದಾಗ ಗಂಡುಡುಗ್ರೇ ಈಜೋರು ಕಣಮ್ಮ. ನಾವು ಮ್ಯಾಲೆ ಕೂತ್ಕಂಡು ನೋಡೋದು. ಈಗ ಕಲ್ತವ್ಳೆ, ನೋಡು ಹೆಂಗವ್ಳೆ!" ಎಂದು ಧನಲಕ್ಷ್ಮಿ ನಕ್ಕಳು.

"ಈ ವಯಸ್ನಾಗೆ ಅಂತ ನಗ್ತೀಯೇನೋ ಅಂತ ಹೇಳಿರ್ಲಿಲ್ಲ" ಅಂದಳು ಅಮ್ಮ, ಕಣ್ಣು ಮುಚ್ಚಿಕೊಂಡೇ. "ಇಳಿ. ಮೈ ಬಿಗೀಬ್ಯಾಡ, ನೀರೇ ಎತ್ಕಳ್ತದೆ."

ಅನುಪಮಾ ಇಳಿದಳು. ಬೆನ್ನಡಿಯಲ್ಲಿ ಅಮ್ಮನ ಅಂಗೈ ಇತ್ತು. ಕಿವಿಗಳು ನೀರೊಳಗೆ ಮುಳುಗಿ ಲೋಕದ ಸದ್ದೆಲ್ಲ ಅಡಗಿತು. ಮೇಲೆ ಬಾವಿಯಷ್ಟೇ ಆಕಾಶ, ಅದರಲ್ಲೊಂದು ಹದ್ದು ತೇಲುತ್ತಿತ್ತು. ಅಮ್ಮ ಯಾವಾಗ ಕೈ ತೆಗೆದಳೋ, ಅವಳಿಗೆ ತಿಳಿಯಲೇ ಇಲ್ಲ.