ಸಂಜೆಯ ಮೈ

“ಇವಳು ಓಡಿಸಿದ್ರೆ ಏನೀಗ? ಬಸ್ಸೊಳಗೆ ಮಲಗಿರೋರು ಎದ್ದು ಮುಂದಿನ ಸ್ಟಾಪಲ್ಲಿ ಇಳಿದುಬಿಡ್ತಾರಾ?”

ಮನೆ ಬಾಗಿಲಲ್ಲಿ ನಿಂತು ಸೀಟು ಮೇಸ್ತ್ರಿಯ ಹೆಂಡತಿ ಹೀಗೆಂದಾಗ, ತೀರಿಕೊಂಡ ಮೇಸ್ತ್ರಿಯನ್ನು ಕಳಿಸಿಕೊಡಲು ಬಂದವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಬಸ್ ಡಿಪೊದ ವೆಲ್ಡರ್ ಕಿಸಕ್ಕೆಂದ. ಅಷ್ಟೇ ಸಾಕಾಯಿತು. ಬೆಳಗಿನಿಂದ ಬಿಗಿದುಕೊಂಡಿದ್ದ ಇಡೀ ಅಂಗಳ ನಕ್ಕಿತು.

“ಅದಲ್ಲಮ್ಮಾ,” ಎಂದ ಏಣಿ. ಆರಡಿ ಎರಡಂಗುಲದ ಆ ಡ್ರೈವರನಿಗೆ ಡಿಪೊದಲ್ಲಿ ಬೇರೆ ಹೆಸರೇ ಉಳಿದಿರಲಿಲ್ಲ. “ಗುಂಡುಪಿನ್ನಿನ ಗಾಡಿ ಇಂಜಿನ್ ಬಿಚ್ಚಿ ಷೆಡ್ಡಲ್ಲಿ ಬಿದ್ದಿದೆ. ಈಗ ಬಂದಿರೋದು ಹೊಸಾ ಬಸ್ಸು. ಸೀಟು ನನ್ನಂಥೋರಿಗೆ ಮಾಡಿದ್ದು. ಅವಳಿಗೆ ಕ್ಲಚ್ಚೇ ಎಟಕಲ್ಲ. ನಾನು ಓಡಿಸ್ತೀನಿ, ಅವಳು ಪಕ್ಕದಲ್ಲಿ ಕೂತ್ಕೊಳ್ಳಲಿ.”

ಗುಂಡುಪಿನ್ನೂ ಡಿಪೊ ಇಟ್ಟ ಹೆಸರೇ. ನಾಲ್ಕಡಿ ಒಂಬತ್ತಂಗುಲದ ಅವಳು ಮೇಸ್ತ್ರಿ ಮಾಡಿಕೊಟ್ಟ ಸೀಟಿನಲ್ಲಿ ಕೂತು ಹದಿನೈದು ವರ್ಷ ಊರಿಡೀ ಸುತ್ತಿದ್ದಳು. ಆದರೆ ಆ ಮನುಷ್ಯ ಒಂದು ದಿನವೂ ಅವಳ ಬಸ್ಸು ಹತ್ತಿರಲಿಲ್ಲ. ಮನೆಗೂ ಡಿಪೊಗೂ ಸೈಕಲ್ಲು. “ಹತ್ತಿದ್ರಾಯ್ತು ತಾಯೀ, ಅವಸರ ಏನು?” ಎನ್ನುತ್ತಿದ್ದ. ಇವತ್ತು ಹತ್ತಿದ್ದಾನೆ, ಹಿಂಬದಿಯ ಸೀಟುಗಳನ್ನು ಕಳಚಿದ ಜಾಗದಲ್ಲಿ, ಸ್ಟ್ರೆಚರಿನ ಮೇಲೆ. ಇವತ್ತೂ ತಾನು ಓಡಿಸದಿದ್ದರೆ ಇನ್ನೆಂದೂ ಇಲ್ಲ.

ಡಿಪೊ ಮ್ಯಾನೇಜರ್ ಕೈಗಡಿಯಾರ ನೋಡಿದರು. “ನಾಲ್ಕಕ್ಕೆ ಸ್ಮಶಾನದಲ್ಲಿರಬೇಕು. ಐದಕ್ಕೆ ಗೇಟು ಹಾಕ್ತಾರೆ. ಈಗಲೇ ಮೂರಾಯ್ತು.”

“ಅರ್ಧ ಗಂಟೆ ಕೊಡಿ ಸಾರ್,” ಎಂದ ವೆಲ್ಡರ್. “ಸೀಟು ಮುಂದಕ್ಕೆ ತರ್ತೀವಿ. ಇಷ್ಟು ವರ್ಷ ಮೇಸ್ತ್ರಿ ಹತ್ರ ಏನು ಕತ್ತೆ ಕಾಯ್ತಿದ್ವಾ?”

“ಹೊಸಾ ಗಾಡಿ ಕಣಯ್ಯಾ! ಏನೂ ಕೊಯ್ಯಬೇಡ.”

“ಕೊಯ್ಯಲ್ಲ ಸಾರ್. ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕ್ತೀವಿ. ನಿಮಗೆ ಗೊತ್ತೇ ಆಗಲ್ಲ.”

“ಗೊತ್ತಾಗದೇ ಏನೇನು ಮಾಡಿದೀರೋ ಅನ್ನೋದೇ ನನ್ನ ಭಯ,” ಎಂದರು ಮ್ಯಾನೇಜರ್. ಆದರೆ ಬೇಡ ಎನ್ನಲಿಲ್ಲ.

*

ಹದಿನೈದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ದಿನ ಗುಂಡುಪಿನ್ನು ಬೆನ್ನ ಹಿಂದೆ ಎರಡು ದಿಂಬು, ಕೆಳಗೊಂದು ದಿಂಬು ಇಟ್ಟುಕೊಂಡು ಬಸ್ಸು ಓಡಿಸಿದ್ದಳು. “ಹಾಸಿಗೆ ಸಮೇತ ಡ್ಯೂಟಿಗೆ ಬಂದಿದ್ದಾಳೆ” ಎಂದು ಡ್ರೈವರುಗಳು ಆಡಿಕೊಂಡರು. ಮರುದಿನ ಬೆಳಿಗ್ಗೆ ಆರಕ್ಕೇ ಮೇಸ್ತ್ರಿಯ ಷೆಡ್ಡಿಗೆ ಹೋದಳು. ಎಣ್ಣೆ ಡಬ್ಬದ ಮೇಲೆ ಕೂತಿದ್ದ ಮೇಸ್ತ್ರಿ ಅವಳ ಮುಖ ನೋಡಲಿಲ್ಲ, ಮೊಣಕಾಲು ನೋಡಿದ.

“ಸಂಜೆ ಬಾ.”

“ಯಾಕೆ? ಗಂಡಸರಿಗೆ ಬೆಳಿಗ್ಗೆ, ಹೆಂಗಸರಿಗೆ ಸಂಜೇನಾ?”

“ಎಲ್ಲರಿಗೂ ಸಂಜೇನೇ. ಎಂಟು ಗಂಟೆ ದುಡಿದು ಬಾ.”

ಸಂಜೆ ಬರುವಷ್ಟರಲ್ಲಿ ಅವಳ ಸೊಂಟ ತನ್ನದಲ್ಲವೆನ್ನುವ ಹಾಗಾಗಿತ್ತು. ಷೆಡ್ಡಿನಲ್ಲಿದ್ದ ಸೀಟಿನ ಮೇಲೆ ಗೋಣಿಚೀಲದಂತೆ ಕುಸಿದಳು.

“ಹಾಂ, ಈಗ ಸರಿ!” ಮೇಸ್ತ್ರಿ ಹುರುಪಿನಿಂದ ಟೇಪು ಎಳೆದ. “ಬೆಳಿಗ್ಗೆ ಎಲ್ಲರೂ ಫೋಟೋಗೆ ಕೂತ ಹಾಗೆ ಕೂರ್ತಾರೆ. ಆ ಮೈಗೆ ಸೀಟು ಮಾಡಿಕೊಟ್ರೆ ಫೋಟೋನೇ ಬಸ್ಸು ಓಡಿಸಬೇಕು. ದಿನವಿಡೀ ದುಡಿಯೋದು ಈ ಸಂಜೆ ಮೈ ಕಣಮ್ಮಾ. ಇದಕ್ಕೆ ಸುಳ್ಳು ಹೇಳೋಕೆ ಬರಲ್ಲ.”

ಮೂರು ದಿನಕ್ಕೆ ಸೀಟು ಸಿದ್ಧವಾಯಿತು. ನಾಲ್ಕು ಬೆರಳು ಮುಂದೆ, ಎರಡು ಬೆರಳು ಎತ್ತರ, ಹಿಮ್ಮಡಿ ಊರಲು ಪೆಡಲಿನ ಬುಡದಲ್ಲೊಂದು ಮೆಟ್ಟು. ಆಡಿಕೊಂಡಿದ್ದವರು ಆಮೇಲೆ ಒಬ್ಬೊಬ್ಬರಾಗಿ, ಕದ್ದುಮುಚ್ಚಿ, ಸಂಜೆ ಹೊತ್ತು ಷೆಡ್ಡಿನ ಕಡೆ ಸುಳಿಯತೊಡಗಿದರು. ಎಲ್ಲರಿಗಿಂತ ಮೊದಲು ಹೋದವನು, ಸ್ಟಿಯರಿಂಗಿಗೆ ಮೊಣಕಾಲು ಬಡಿದುಕೊಂಡು ಸಾಕಾಗಿದ್ದ ಏಣಿ.

*

ವೆಲ್ಡರನೂ ಇಬ್ಬರು ಮೆಕ್ಯಾನಿಕ್ಕುಗಳೂ ಸೀಟಿನ ಕೆಳಗೆ ತಲೆ ತೂರಿಸಿದರು. ಉಳಿದವರು ಬಸ್ಸಿನ ಬಾಗಿಲಿಗೆ ಜೇನು ಕಟ್ಟಿದ ಹಾಗೆ ಕಟ್ಟಿಕೊಂಡರು.

“ಕಾಗದ ಒತ್ತಿ ಹಿಡಿಯೋಕೆ ನನ್ನ ಮೇಜಿಗೊಂದು ಕ್ಲಿಪ್ಪು ಮಾಡಿಕೊಟ್ರು,” ಎಂದ ಒಂದೇ ಕೈಯ ಸ್ಟೋರ್‌ಕೀಪರ್. “ಇನ್ನೊಂದು ಕೈ ಕೊಟ್ಟ ಹಾಗಾಯ್ತು.”

“ಅದಕ್ಕೇ ಒಂದು ನಟ್ಟು ಕೇಳಿದ್ರೆ ಎರಡು ಕಡೆ ಸಹಿ ಹಾಕಿಸ್ತೀಯ!” ಸೀಟಿನ ಕೆಳಗಿನಿಂದ ದನಿ ಬಂತು.

“ಊರವರ ಬೆನ್ನೆಲ್ಲ ನೋಡಿದ್ರು,” ಎಂದಳು ಮೇಸ್ತ್ರಿಯ ಹೆಂಡತಿ. “ನಮ್ಮನೆ ಅಡುಗೆ ಕಟ್ಟೆ ನನ್ನ ಎದೆವರೆಗೂ ಬರ್ತಿತ್ತು. ಬಾಡಿಗೆ ಮನೆ, ಒಡೆಯೋ ಹಾಗಿಲ್ಲ ಅಂತ ನೆಪ. ಒಂದು ವಾರ ಉಪ್ಪಿಲ್ಲದ ಅಡುಗೆ ಬಡಿಸಿದೆ. ಯಾಕೆ ಅಂದ್ರೆ, ಉಪ್ಪಿನ ಡಬ್ಬಿ ಎಟಕಲ್ಲ ಅಂದೆ. ಮಾರನೇ ದಿನವೇ ನಿಂತ್ಕೊಳ್ಳೋಕೆ ಹಲಗೆ ಬಂತು!”

“ಅಮ್ಮಾ,” ವೆಲ್ಡರ್ ತಲೆ ಹೊರಗೆ ಹಾಕಿದ. “ಆ ಹಲಗೆ ಎಷ್ಟು ದಪ್ಪ?”

ಹಲಗೆ ಬಂತು. ಅರಿಶಿನದ ಕಲೆ, ಎಣ್ಣೆಯ ಜಿಡ್ಡು, ನಡುವೆ ಎರಡು ಪಾದದಷ್ಟು ಜಾಗ ಸವೆದು ನುಣುಪಾಗಿತ್ತು. ಅದನ್ನು ಪೆಡಲುಗಳ ಬುಡದಲ್ಲಿ ಅಲುಗದಂತೆ ಬೋಲ್ಟು ಹಾಕಿ ಕೂರಿಸಿದರು. ಸೀಟು ಮುಂದೆ ಬಂತು. ಗುಂಡುಪಿನ್ನು ಹತ್ತಿ ಕೂತಳು. ಟೇಪು ಹಿಡಿದರು, ತಿರುಪು ಬಿಗಿದರು. ಇಂಜಿನ್ ಶುರುವಾಯಿತು, ಬಸ್ಸು ಹತ್ತಡಿ ಹಿಂದೆ ಸರಿಯಿತು. ಅಷ್ಟರಲ್ಲೇ ಕ್ಲಚ್ಚಿನ ಮೇಲಿದ್ದ ಅವಳ ಕಾಲು ಜಾರಿತು. ಬಸ್ಸು ಕುಪ್ಪಳಿಸಿ ನಿಂತುಬಿಟ್ಟಿತು.

“ನಿಧಾನ! ಮೇಸ್ತ್ರೀನ ಎಬ್ಬಿಸಿಬಿಟ್ಟೀಯ,” ಎಂದರು ಯಾರೋ. ಈ ಸಲ ಹೆಚ್ಚು ಜನ ನಗಲಿಲ್ಲ. ಏಣಿ ಕಿಟಕಿಯ ಹತ್ತಿರ ಬಂದು ಕೀಲಿಗಾಗಿ ಕೈ ಚಾಚಿದ. ಅವನ ಕಣ್ಣಲ್ಲಿ ಗೆದ್ದೆನೆಂಬುದೇನೂ ಇರಲಿಲ್ಲ, ಪಾಪ ಎನ್ನುವುದಿತ್ತು. ಅವಳಿಗೆ ಅದೇ ಸಹಿಸಲಾಗಲಿಲ್ಲ.

ವೆಲ್ಡರ್ ಹಣೆ ಚಚ್ಚಿಕೊಂಡ. “ನಮ್ಮ ಬುದ್ಧಿಗಿಷ್ಟು! ಫೋಟೋ ಮೈಗೆ ಅಳತೆ ತಗೊಂಡ್ವಲ್ಲೋ!”

ನಿಜ. ಐವತ್ತು ಜನ ನೋಡುತ್ತಿದ್ದರೆಂದು ಅವಳು ಅಳತೆಗೆ ಸ್ಕೇಲಿನ ಹಾಗೆ ನೆಟ್ಟಗೆ ಕೂತಿದ್ದಳು.

“ಸ್ವಲ್ಪ ಸಡಿಲವಾಗಿ ಕೂತ್ಕೋ ತಂಗೀ.”

“ಸಡಿಲವಾಗೇ ಇದೀನಿ!” ಎಂದಳು ಹಲ್ಲು ಕಚ್ಚಿಕೊಂಡು.

ಮೂರೂ ಇಪ್ಪತ್ತೈದು. ಮೇಸ್ತ್ರಿಯ ಹೆಂಡತಿ ಕಂಬಿ ಹಿಡಿದು ಬಸ್ಸು ಹತ್ತಿದಳು. ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತು, “ಎಲ್ಲರೂ ಆ ಕಡೆ ತಿರುಗಿ,” ಎಂದಳು. ತಿರುಗಿದರು. ಮ್ಯಾನೇಜರೂ ತಿರುಗಿದರು.

“ಅವರು ನಿನ್ನ ಬಸ್ಸು ಯಾಕೆ ಹತ್ತಲಿಲ್ಲ ಗೊತ್ತಾ ಮಗಾ?”

“ಸೈಕಲ್ಲಿತ್ತಲ್ಲಮ್ಮಾ.”

“ಮಣ್ಣು! ಭಯ. ‘ಸೀಟು ಸರಿ ಹೋಗದೆ ಅವಳು ಮುಖ ಸಿಂಡರಿಸೋದನ್ನ ಹತ್ತಿರದಿಂದ ನೋಡಿದ್ರೆ ನಾನು ತಡ್ಕೊಳ್ಳಲ್ಲ’ ಅಂತಿದ್ರು. ಆದ್ರೆ ದಿನಾ ಸಂಜೆ ನೀನು ನಮ್ಮ ಮೂಲೇಲಿ ಬಸ್ಸು ತಿರುಗಿಸೋ ಹೊತ್ತಿಗೆ ಸರಿಯಾಗಿ, ಸೈಕಲ್ ನಿಲ್ಲಿಸ್ಕೊಂಡು ಮರದ ಹಿಂದೆ ನಿಂತಿರೋರು. ಮನೆಗೆ ಬಂದು ಚಪ್ಪಲಿ ಬಿಡೋಕೂ ಮುಂಚೆ ನನಗೆ ವರದಿ. ‘ಇವತ್ತೂ ಭುಜ ಎತ್ತಲಿಲ್ಲ ಕಣೇ, ಆರಾಮಾಗಿ ತಿರುಗಿಸಿದ್ಲು.’ ಹದಿನೈದು ವರ್ಷ! ನಿನ್ನ ಭುಜ ನನಗೆ ಸವತಿ ಆಗಿಬಿಟ್ಟಿತ್ತು ಕಣೇ!”

ಗುಂಡುಪಿನ್ನು ಫಕ್ಕನೆ ನಕ್ಕಳು. ನಗು ಅರ್ಧ ದಾರಿಯಲ್ಲಿ ಅಳುವಾಯಿತು, ಅಳು ಮತ್ತೆ ನಗುವಿಗೆ ಹೊರಳಿತು. ಬೆನ್ನು ಬಾಗಿತು, ಭುಜ ಇಳಿಯಿತು. ಆಸ್ಪತ್ರೆಯಲ್ಲಿ ಕಾದು ಎರಡು ದಿನ ನಿದ್ದೆಯಿಲ್ಲದ ಮೈ ಸೀಟಿನೊಳಕ್ಕೆ ಕುಸಿಯಿತು.

“ಈಗ!” ಮೇಸ್ತ್ರಿಯ ಹೆಂಡತಿ ಕೂಗಿದಳು. “ಅಳತೆ ತಗೊಳ್ರೋ!”

ಒಟ್ಟಿಗೆ ಮೂರು ಟೇಪುಗಳು ಬಂದವು. ಎರಡು ಬೆರಳಿನ ವ್ಯತ್ಯಾಸವಿತ್ತು. ಕೊನೆಯ ಬೋಲ್ಟಿಗೆ ಸ್ಪ್ಯಾನರ್ ಹಿಡಿದವರು ಮ್ಯಾನೇಜರ್. ಬಿಳಿ ಅಂಗಿಗೆ ಗ್ರೀಸ್ ಹತ್ತಿದ್ದು ಅವರಿಗೂ ತಿಳಿಯಲಿಲ್ಲ.

ಬಸ್ಸು ಹೊರಟಿತು. ಹಿಂದೆ ಮೇಸ್ತ್ರಿಯ ಕತೆಗಳು ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿದ್ದವು. ಹಳ್ಳ ಬಂದಲ್ಲೆಲ್ಲ ಅವಳು ಮಗುವಿದ್ದ ತೊಟ್ಟಿಲನ್ನು ದಾಟಿಸುವ ಹಾಗೆ ದಾಟಿಸಿದಳು. ಸ್ಮಶಾನದ ಗೇಟಿನೊಳಗೆ ಬಸ್ಸು ನಿಂತದ್ದು ನಿಂತಮೇಲೇ ಎಲ್ಲರಿಗೂ ಗೊತ್ತಾಯಿತು.

ನಾಲ್ಕಕ್ಕೆ ಎರಡು ನಿಮಿಷವಿತ್ತು. “ಇಳೀರಿ, ಬೇಗ ಬೇಗ,” ಎಂದರು ಮ್ಯಾನೇಜರ್.

“ಶ್ಶ್!” ಎಂದ ಏಣಿ.

ಮುಂದಿನ ಸೀಟಿನಲ್ಲಿ ಮೇಸ್ತ್ರಿಯ ಹೆಂಡತಿ ಗಾಜಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಆಸ್ಪತ್ರೆಯ ಬೆಂಚಿನ ಮೇಲೆ ನಾಲ್ಕು ದಿನ ರೆಪ್ಪೆ ಮುಚ್ಚದಿದ್ದ ಮುದುಕಿ ಈಗ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು.

“ಎಬ್ಬಿಸೋಣ್ವಾ?” ವೆಲ್ಡರ್ ಪಿಸುಗುಟ್ಟಿದ.

ಮ್ಯಾನೇಜರ್ ಅಂಗಿಯ ತೋಳನ್ನು ಕೈಗಡಿಯಾರದ ಮೇಲೆ ಎಳೆದುಕೊಂಡರು. “ಗೇಟು ಹಾಕೋದು ಐದಕ್ಕೆ ತಾನೆ? ಇರಲಿ ಬಿಡಿ.”

ಏಣಿ ತುದಿಗಾಲಲ್ಲಿ ಇಳಿದು ಹೊರಗಿನಿಂದ ಸುತ್ತಿ ಬಂದ. ತನ್ನ ಖಾಕಿ ಅಂಗಿ ಬಿಚ್ಚಿ, ಮುದುಕಿಯ ಮುಖಕ್ಕೆ ಬಿಸಿಲು ಬೀಳುತ್ತಿದ್ದ ಕಿಟಕಿಗೆ ಅಡ್ಡವಾಗಿ ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತ. ಇಂಜಿನ್ ನಿಲ್ಲಿಸಲು ಕೀಲಿಯವರೆಗೆ ಹೋಗಿದ್ದ ಕೈಯನ್ನು ಗುಂಡುಪಿನ್ನು ಮೆಲ್ಲನೆ ಹಿಂದಕ್ಕೆ ತೆಗೆದಳು. ಇಂಜಿನ್ ಹಾಗೇ ಸಣ್ಣಗೆ ಗುರುಗುಡುತ್ತಿತ್ತು.