ಕಿವಿ ಮಿಷನ್ ಹೇಗಿದೆ ಎಂದು ಕೇಳಿದಾಗ

ಟೈಲರಮ್ಮನ ಅತ್ತೆಗೆ ಕಿವಿ ಮಂದ. ಸೊಸೆ ಕತ್ತರಿ ಕೇಳಿದರೆ ಕೊತ್ತಂಬರಿ ತಂದುಕೊಡುತ್ತಿದ್ದರು. ಒಂದು ಸೇವಾ ಸಂಸ್ಥೆ ಶಿಬಿರ ನಡೆಸಿ, ಬೀದಿಯ ಹಿರಿಯರಿಗೆಲ್ಲ ಕಿವಿ ಮಿಷನ್ ಪುಕ್ಕಟೆ ಕೊಟ್ಟಾಗ ಅವರಿಗೂ ಒಂದು ಸಿಕ್ಕಿತು. ಹಾಕಿಕೊಂಡರೆ ಅದು ಕುಯ್ಯೋ ಎಂದು ಶಿಳ್ಳೆ ಹೊಡೆಯುತ್ತಿತ್ತು. ಒತ್ತಿ ಒತ್ತಿ ಕಿವಿ ಹುಣ್ಣಾಯಿತು. ವಾರದೊಳಗೆ ಮಿಷನ್ ಬೀರು ಸೇರಿತು.

ಕೆಲವು ತಿಂಗಳ ಮೇಲೆ ಸಂಸ್ಥೆಯ ಮೇಡಂ ಬಂದು, ಬಾಗಿಲಲ್ಲೇ ನಿಂತು, ಮಿಷನ್ ಹೇಗಿದೆ ಎಂದು ವಿಚಾರಿಸಿದರು. ಒಳಗಿದ್ದ ಅತ್ತೆಗೆ ಆ ಪ್ರಶ್ನೆಯೇ ಕೇಳಿಸಲಿಲ್ಲ. ತುಂಬಾ ಚೆನ್ನಾಗಿದೆ, ದಿನಾ ಹಾಕಿಕೊಳ್ಳುತ್ತಾರೆ ಎಂದು ಟೈಲರಮ್ಮನೇ ಹೇಳಿ ಕಳಿಸಿದಳು.

ಸುಳ್ಳು ಯಾಕೆ ಹೇಳಿದೆ ಎಂದು ಗಂಡ ಕೇಳಿದ.

"ದಾನ ಕೊಟ್ಟ ಎಮ್ಮೆ ಹಲ್ಲು ಹಿಡಿದು ನೋಡ್ತಾರಾ? ಕೊರತೆ ಹೇಳಿದ್ರೆ ನಾಳೆ ಕಣ್ಣಿನ ಶಿಬಿರಕ್ಕೆ ನಮ್ಮನ್ನ ಕರೀತಾರಾ?"

ಬೀದಿಯವರೆಲ್ಲ ಹಾಗೇ ಯೋಚಿಸಿ ಹಾಗೇ ಹೇಳಿದ್ದರು. ಅದನ್ನು ನಂಬಿದ ಸಂಸ್ಥೆ ಅಂಥವೇ ಮಿಷನ್‌ಗಳನ್ನು ಇನ್ನಷ್ಟು ಕೊಂಡು ಪಕ್ಕದ ಊರಿಗೂ ಹಂಚಿತು.

ಆ ಚಳಿಗಾಲದಲ್ಲಿ ಅತ್ತೆಯ ತಂಗಿ ಆಸ್ಪತ್ರೆಯಿಂದ ಫೋನ್ ಮಾಡಿದರು. ಅತ್ತೆ ಫೋನನ್ನು ಕಿವಿಗೆ ಒತ್ತಿ ಹಿಡಿದರು. ಏನೂ ಕೇಳಿಸದೆ, "ಊಟ ಆಯ್ತಾ? ಎಲ್ರೂ ಹುಷಾರಾ?" ಎಂದು ಮತ್ತೆ ಮತ್ತೆ ಕೇಳಿದರು. ಟೈಲರಮ್ಮ ಫೋನ್ ತೆಗೆದುಕೊಳ್ಳುವಷ್ಟರಲ್ಲಿ ತಂಗಿ ಇಟ್ಟುಬಿಟ್ಟಿದ್ದರು. ತಿರುಗಿ ಮಾಡಿದರೆ ಯಾರೂ ಎತ್ತಲಿಲ್ಲ. ಆ ವಾರವೇ ತೀರಿಕೊಂಡರು.

"ಅವಳು ಏನಂದ್ಲು?" ಎಂದು ಅತ್ತೆ ಕೇಳಿದಾಗ ಸೊಸೆ ಬೀರುವಿನಿಂದ ಆ ಮಿಷನ್ ತೆಗೆದು ನೋಡುತ್ತ ಕೂತಳು.

ಮುಂದೆ ಮೇಡಂ ಬಂದಾಗ ಟೈಲರಮ್ಮ ಒಳಗೆ ಕರೆದು ಕೂರಿಸಿ, ನಡೆದದ್ದನ್ನೆಲ್ಲ ಹೇಳಿದಳು. ಅಳತೆ ತೆಗೆಯದೆ ರವಿಕೆ ಹೊಲಿದ ಹಾಗಾಗಿದೆ ನಿಮ್ಮ ಮಿಷನ್ ಎಂದಳು. ಮೇಡಂ ಒಪ್ಪಿಕೊಂಡರು.

"ತಪ್ಪು ನಮ್ಮದೂ ಇದೆ. ಬಾಗಿಲಲ್ಲಿ ನಿಂತು ಕೇಳಿದ್ರೆ ಯಾರು ತಾನೆ ಚೆನ್ನಾಗಿಲ್ಲ ಅಂತಾರೆ? ಹಾಕ್ಕೊಳ್ಳೋರನ್ನೇ ಮಾತಾಡಿಸ್ಬೇಕಿತ್ತು. ಮಿಷನ್ ಎಲ್ಲಿ, ತೋರಿಸಿ ಅನ್ಬೇಕಿತ್ತು. ಮೊದಲೇ ಗೊತ್ತಾಗಿದ್ರೆ ಪಕ್ಕದ ಊರಿಗೆ ಮಿಷನ್ ಕೊಂಡ ದುಡ್ಡಲ್ಲಿ ಅಳತೆ ತೆಗೆಯೋರನ್ನೇ ಕಳಿಸ್ತಿದ್ವಿ."

ಸಂಸ್ಥೆ ಹೊಸ ಹಂಚಿಕೆ ನಿಲ್ಲಿಸಿತು. ಎರಡೂ ಊರಿಗೆ ತಜ್ಞರನ್ನು ಕಳಿಸಿ, ಒಬ್ಬೊಬ್ಬರ ಕಿವಿಗೂ ಮಿಷನ್ ಹೊಂದಿಸಿತು. ಈಗ ಅತ್ತೆಗೆ ಫೋನ್ ರಿಂಗಾಗುವುದು ಕೇಳಿಸುತ್ತದೆ. ಮಾತು ಕೇಳಿಸುತ್ತದೆ. ಆ ತಂಗಿಯ ಮಾತೊಂದು ಇನ್ನು ಯಾವತ್ತೂ ಕೇಳಿಸುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಯೋಜನೆ ಸರ್ಕಾರದ್ದಿರಲಿ, ಸಂಸ್ಥೆಯದ್ದಿರಲಿ, ಹೇಗಿದೆ ಎಂದು ಕೇಳಲು ಬಂದವರ ಮುಂದೆ ದಾಕ್ಷಿಣ್ಯಕ್ಕೆ ಬಿದ್ದು ಹೊಗಳಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಕೊಡುವವರೇ, ಎಷ್ಟು ಹಂಚಿದೆವು ಎಂಬಲ್ಲಿಗೆ ನಿಲ್ಲಿಸಬೇಡಿ. ಒಳಗೆ ಬನ್ನಿ, ಕೂತು ಕೇಳಿ, ಕೇಳಿದ ಮೇಲೆ ಬದಲಾಯಿಸಿ. ತಡವಾಗಿ ಹೇಳಿದ ನಿಜ ಮುಂದಿನವರಿಗೆ ಉಪಕಾರವಾದೀತು, ಕಳೆದುಕೊಂಡವರಿಗಲ್ಲ.